ಲಡಾಖಿನ ಎತ್ತರದ ಇಳಿಜಾರುಗಳಲ್ಲಿ ಕಲ್ಲು-ಮರಳಿನ ಮಣ್ಣನ್ನು ಪರೀಕ್ಷಿಸುವ ವಿಧಾನ

ಲೇಹ್ ಪಟ್ಟಣದ ಉತ್ತರಕ್ಕಿರುವ ಲಡಾಖ್ ಪರ್ವತಶ್ರೇಣಿಯನ್ನು ಮೊದಲ ಸಲ ನೋಡುವವರು ಅಲ್ಲಿ ಮಣ್ಣೇ ಇಲ್ಲ ಎಂದುಕೊಳ್ಳುವುದು ಸಹಜ. ಮೇಲೆ ಬೂದು ಬಣ್ಣದ ಬಂಡೆ, ಅದರ ಬುಡದಲ್ಲಿ ಒಡೆದ ಕಲ್ಲಿನ ರಾಶಿ, ಇನ್ನೂ ಕೆಳಗೆ ದಪ್ಪ ಮರಳು. ಹಸಿರು ಕಾಣುವುದು ಕಣಿವೆಯ ತಳದ ಹೊಲಗಳಲ್ಲಿ ಮಾತ್ರ. ಆದರೆ ಬಂಡೆ ಮಣ್ಣಾಗುವ ಮೊದಲ ಹಂತಗಳು ಇಷ್ಟು ಬಯಲಾಗಿ ಕಾಣುವ ಜಾಗಗಳು ನಮ್ಮ ದೇಶದಲ್ಲಿ ಹೆಚ್ಚಿಲ್ಲ. ಮಲೆನಾಡಿನಲ್ಲಾದರೆ ಈ ಹಂತಗಳನ್ನು ಕಾಡು, ತರಗೆಲೆ ಮತ್ತು ಆಳವಾದ ಜಂಬಿಟ್ಟಿಗೆ ಮುಚ್ಚಿಬಿಟ್ಟಿರುತ್ತವೆ. ಬೇಸಿಗೆಯಲ್ಲಿ ಚಾರಣಕ್ಕೆಂದು ಲಡಾಖಿಗೆ ಹೋಗುವ ಕನ್ನಡಿಗರಲ್ಲಿ ಭೂಗೋಳ, ಭೂವಿಜ್ಞಾನ ಅಥವಾ ಕೃಷಿ ಓದಿದವರು ಅನೇಕರಿರುತ್ತಾರೆ. ಅಂಥವರು ಒಂದು ಇಳಿಜಾರಿನ ಮುಂದೆ ನಿಂತು, ಅದರ ಮೇಲಿನ ಮಣ್ಣು ಯಾವ ಶಕ್ತಿಯಿಂದ ಅಲ್ಲಿಗೆ ಬಂತು ಎಂಬುದನ್ನು ಸರಳ ಸಲಕರಣೆಗಳಿಂದ ಹೇಗೆ ನಿರ್ಣಯಿಸಬಹುದು ಎಂಬುದನ್ನು ಈ ಬರಹ ವಿವರಿಸುತ್ತದೆ.

ಹೊರಡುವ ಮುನ್ನ

ಬೇಕಾಗುವ ವಸ್ತುಗಳು ಕಡಿಮೆ: ಒಂದು ಕರಣೆ, 2 ಮಿ.ಮೀ. ಕಣ್ಣಿನ ಜರಡಿ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರ, ನೇರ ಗೋಡೆಯ ಪಾರದರ್ಶಕ ಬಾಟಲಿ, ಪುಟ್ಟ ಸೀಸೆಯಲ್ಲಿ ವಿನೆಗರ್, ಅಳತೆಪಟ್ಟಿ, ಇಳಿಜಾರಿನ ಕೋನ ಅಳೆಯಲು ಮೊಬೈಲ್ ಫೋನು, ಮತ್ತು ನೋಟ್‌ಬುಕ್. ಲೇಹ್ ಸುಮಾರು 3500 ಮೀಟರ್ ಎತ್ತರದಲ್ಲಿದೆ; ವಿಮಾನದಲ್ಲಿ ಬಂದಿಳಿದವರು ಕನಿಷ್ಠ ಎರಡು ದಿನ ಅಲ್ಲಿಯೇ ವಿಶ್ರಾಂತಿ ಪಡೆದು, ದೇಹ ಹೊಂದಿಕೊಂಡ ಮೇಲೆ ಮಾತ್ರ ಮೇಲಕ್ಕೆ ಹೋಗಬೇಕು. ಕಡಿದಾದ ಬಂಡೆಯ ಬುಡದಲ್ಲಿ ಕೆಲಸ ಮಾಡುವುದಾದರೆ ಬಿಸಿಲು ಬಂಡೆಗೆ ತಾಗುವ ಮುನ್ನವೇ ಮುಗಿಸಿ ಹಿಂದಿರುಗುವುದು ಒಳ್ಳೆಯದು, ಏಕೆಂದರೆ ರಾತ್ರಿ ಮಂಜುಗಡ್ಡೆ ಹಿಡಿದಿಟ್ಟಿದ್ದ ಕಲ್ಲುಗಳು ಬಿಸಿಲೇರಿದಂತೆ ಕಳಚಿ ಉರುಳುತ್ತವೆ. ಸಿಂಧೂ ನದಿಯ ದಕ್ಷಿಣಕ್ಕಿರುವ ಹೆಮಿಸ್ ರಾಷ್ಟ್ರೀಯ ಉದ್ಯಾನದಂತಹ ರಕ್ಷಿತ ಪ್ರದೇಶಗಳಲ್ಲಿ ಅನುಮತಿಯಿಲ್ಲದೆ ಅಗೆಯಬಾರದು, ಮಣ್ಣು-ಕಲ್ಲುಗಳನ್ನು ಹೊತ್ತು ತರಲೂಬಾರದು.

ಮಣ್ಣಿನ ರಚನೆಯನ್ನು ನಿರ್ಧರಿಸುವ ಐದು ಅಂಶಗಳನ್ನು ಹಾನ್ಸ್ ಜೆನ್ನಿ ಎಂಬ ಮಣ್ಣುವಿಜ್ಞಾನಿ 1941ರಲ್ಲಿ ಒಂದು ಸೂತ್ರದಡಿ ತಂದರು: ಹವಾಗುಣ, ಜೀವಿಗಳು, ನೆಲದ ಏರಿಳಿತ, ಮೂಲಶಿಲೆ ಮತ್ತು ಕಾಲ. ನೋಟ್‌ಬುಕ್ಕಿನ ಪ್ರತಿ ಪುಟದಲ್ಲಿಯೂ ಈ ಐದಕ್ಕೆ ಒಂದೊಂದು ಸಾಲು ಬಿಟ್ಟುಕೊಂಡರೆ ಮುಂದೆ ಗೊಂದಲವಾಗುವುದಿಲ್ಲ. ಜಾಗದ ಎತ್ತರವನ್ನು ಜಿಪಿಎಸ್‌ನಿಂದ ನೋಡಿ ಬರೆದುಕೊಳ್ಳಿ. ರಸ್ತೆಬದಿಯ ಫಲಕಗಳನ್ನು ನಂಬುವಂತಿಲ್ಲ. ಖರ್ದುಂಗ್ ಲಾ ಕಣಿವೆಮಾರ್ಗದ ನಿಜವಾದ ಎತ್ತರ ಸುಮಾರು 5359 ಮೀಟರ್ ಆಗಿದ್ದರೂ, ಪ್ರವಾಸಿಗರೆಲ್ಲ ಫೋಟೊ ತೆಗೆಸಿಕೊಳ್ಳುತ್ತಿದ್ದ ಅಲ್ಲಿನ ಫಲಕ ಬಹುಕಾಲ 5602 ಮೀಟರ್ ಎಂದು ಸಾರುತ್ತಿತ್ತು.

ಮೊದಲು ಮೂಲಶಿಲೆ

ಮಣ್ಣನ್ನು ಮುಟ್ಟುವ ಮೊದಲು ಮೇಲಿರುವ ಬಂಡೆಯನ್ನು ಗುರುತಿಸಬೇಕು. ಸಿಂಧೂ ಮತ್ತು ಶ್ಯೋಕ್ ನದಿಗಳ ನಡುವಿನ ಲಡಾಖ್ ಶ್ರೇಣಿ ಬಹುಮಟ್ಟಿಗೆ ಗ್ರಾನೈಟ್ ಮತ್ತು ಅದರ ಬಳಗದ ಶಿಲೆಗಳಿಂದಾದದ್ದು. ಭಾರತದ ಭೂಫಲಕ ಏಷ್ಯಾಕ್ಕೆ ಡಿಕ್ಕಿ ಹೊಡೆಯುವ ಮೊದಲು, ನಡುವಿನ ಸಾಗರತಳ ಏಷ್ಯಾದ ಅಂಚಿನ ಅಡಿಗೆ ಜಾರುತ್ತಿದ್ದಾಗ ಆಳದಲ್ಲಿ ಕರಗಿದ ಶಿಲಾರಸ ತಣಿದು ಈ ಬಂಡೆ ಆಯಿತು. ಅದರ ಬಹುಭಾಗದ ವಯಸ್ಸು ಹತ್ತು ಕೋಟಿಯಿಂದ ನಾಲ್ಕೂವರೆ ಕೋಟಿ ವರ್ಷಗಳ ನಡುವಿನದು. ನದಿಯ ದಕ್ಷಿಣಕ್ಕೆ ದಾಟಿದರೆ ಚಿತ್ರ ಬದಲಾಗುತ್ತದೆ. ಅಲ್ಲಿ ಉರುಟುಕಲ್ಲುಗಳು ಬೆಸೆದುಕೊಂಡ ಶಿಲೆ, ಮರಳುಶಿಲೆ, ಜೇಡಿಶಿಲೆಗಳ ಪದರಗಳು ಎದ್ದು ನಿಂತಿವೆ. ಇನ್ನೂ ಮುಂದೆ ಝಂಸ್ಕಾರ್ ಕಡೆಗೆ ಸುಣ್ಣಕಲ್ಲು ಸಿಗುತ್ತದೆ. ಮೊದಲ ಸಲ ಅಭ್ಯಾಸ ಮಾಡುವವರಿಗೆ ಉತ್ತರದ ಗ್ರಾನೈಟ್ ಇಳಿಜಾರೇ ಸೂಕ್ತ ಎಂಬುದು ನನ್ನ ಸಲಹೆ. ಅಲ್ಲಿ ಮೂಲಶಿಲೆ ಹೆಚ್ಚುಕಡಿಮೆ ಒಂದೇ ಬಗೆಯದಾಗಿರುವುದರಿಂದ ಮಣ್ಣಿನಲ್ಲಿ ಕಾಣುವ ವ್ಯತ್ಯಾಸಗಳಿಗೆ ಬೇರೆ ಕಾರಣಗಳನ್ನು ಹುಡುಕುವುದು ಸುಲಭವಾಗುತ್ತದೆ.

ಹೊಸದಾಗಿ ಒಡೆದ ಒಂದು ಗ್ರಾನೈಟ್ ಚೂರನ್ನು ಮಸೂರದಡಿ ಹಿಡಿದರೆ ಮೂರು ಮುಖ್ಯ ಖನಿಜಗಳು ಕಾಣುತ್ತವೆ: ಗಾಜಿನಂತೆ ಹೊಳೆಯುವ, ನಿರ್ದಿಷ್ಟ ಮುಖಗಳಿಲ್ಲದೆ ಒಡೆಯುವ ಬೆಣಚುಕಲ್ಲು, ಬಿಳಿ ಅಥವಾ ತಿಳಿಗುಲಾಬಿ ಬಣ್ಣದ, ಚಪ್ಪಟೆ ಮುಖಗಳಲ್ಲಿ ಬೆಳಕು ಮಿಂಚಿಸುವ ಫೆಲ್ಡ್‌ಸ್ಪಾರ್, ಮತ್ತು ಹಾಳೆಹಾಳೆಯಾಗಿ ಏಳುವ ಕಪ್ಪು ಕಾಗೆಬಂಗಾರ. ಈ ಚೂರನ್ನು ಜೇಬಿನಲ್ಲಿಟ್ಟುಕೊಳ್ಳಿ. ಇಳಿಜಾರಿನಲ್ಲಿ ಮುಂದೆ ಸಿಗುವ ಪ್ರತಿಯೊಂದು ಮರಳಿನ ಮಾದರಿಯನ್ನೂ ಇದರೊಂದಿಗೇ ಹೋಲಿಸಬೇಕಾಗುತ್ತದೆ.

ಬಂಡೆ ಒಡೆಯುವುದು ಹೇಗೆ

ಮಣ್ಣಿನ ಗುಣವನ್ನು ಅರ್ಥಮಾಡಿಕೊಳ್ಳಲು ಇಲ್ಲಿನ ಹವಾಗುಣದ ಎರಡು ಸಂಗತಿಗಳು ಮುಖ್ಯ. ಒಂದು, ಹಿಮಾಲಯದ ಮುಖ್ಯ ಶ್ರೇಣಿ ಮುಂಗಾರನ್ನು ತಡೆಯುವುದರಿಂದ ಲೇಹ್‌ನಲ್ಲಿ ಮಳೆ-ಹಿಮ ಎರಡೂ ಸೇರಿ ವರ್ಷಕ್ಕೆ ಸುಮಾರು 100 ಮಿ.ಮೀ. ಮಾತ್ರ ಬೀಳುತ್ತದೆ, ಆಗುಂಬೆಯ ವಾರ್ಷಿಕ ಮಳೆ 7000 ಮಿ.ಮೀ. ದಾಟುತ್ತದೆ ಎಂಬುದನ್ನು ನೆನೆದರೆ ಈ ಅಂತರ ಮನಸ್ಸಿಗೆ ಬರುತ್ತದೆ. ಇನ್ನೊಂದು, ವರ್ಷದ ಬಹುಭಾಗ ರಾತ್ರಿಯ ಉಷ್ಣತೆ ಸೊನ್ನೆಗಿಂತ ಕೆಳಗಿಳಿದು ಹಗಲಿನಲ್ಲಿ ಮೇಲೇರುತ್ತದೆ. ನೀರು ಮತ್ತು ಶಾಖ ಒಟ್ಟಿಗೆ ದೊರೆಯದ ಕಡೆ ಬಂಡೆಯ ರಾಸಾಯನಿಕ ಶಿಥಿಲೀಕರಣ ಬಹಳ ನಿಧಾನ. ಹಾಗಾಗಿ ಇಲ್ಲಿ ಬಂಡೆ ಕೊಳೆಯುವುದಕ್ಕಿಂತ ವೇಗವಾಗಿ ಒಡೆಯುತ್ತದೆ. ಈ ಇಳಿಜಾರುಗಳ ಮಣ್ಣಿನಲ್ಲಿ ಕಲ್ಲು ಮತ್ತು ಮರಳು ತುಂಬಿ, ಜೇಡಿ ಇಲ್ಲವೆನ್ನುವಷ್ಟು ಕಡಿಮೆಯಾಗಿರುವುದಕ್ಕೆ ಮೂಲಕಾರಣ ಇದೇ.

ಒಡೆಯುವ ಬಗೆ ಮಾತ್ರ ಎತ್ತರಕ್ಕೆ ತಕ್ಕಂತೆ ಬೇರೆಯಾಗುತ್ತದೆ, ಮತ್ತು ಅನೇಕರು ತಪ್ಪಾಗಿ ಊಹಿಸುವುದು ಇಲ್ಲಿಯೇ. ನೀರು ಹೆಪ್ಪುಗಟ್ಟಿದಾಗ ಅದರ ಗಾತ್ರ ಸುಮಾರು ಶೇ. 9ರಷ್ಟು ಹೆಚ್ಚುತ್ತದೆ, ಬಿರುಕಿನೊಳಗಿನ ನೀರು ಹೀಗೆ ಹಿಗ್ಗಿ ಬಂಡೆಯನ್ನು ಸೀಳುತ್ತದೆ ಎಂದು ಶಾಲೆಯಲ್ಲಿ ಎಲ್ಲರೂ ಕಲಿತಿರುತ್ತಾರೆ. ಇದು ಸರಿಯಾದರೂ ಅರ್ಧ ಮಾತು. ಸೊನ್ನೆಗಿಂತ ಕೆಲವು ಡಿಗ್ರಿ ಕೆಳಗೆ ಬಂಡೆ ದೀರ್ಘಕಾಲ ತಣ್ಣಗಿದ್ದಾಗ, ಬಿರುಕಿನಲ್ಲಿ ಆಗಲೇ ರೂಪುಗೊಂಡ ಮಂಜುಗಡ್ಡೆ ಸುತ್ತಲಿನ ಸೂಕ್ಷ್ಮರಂಧ್ರಗಳಿಂದ ನೀರನ್ನು ತನ್ನತ್ತ ಸೆಳೆದುಕೊಂಡು ದಪ್ಪವಾಗುತ್ತಾ ಹೋಗುತ್ತದೆ. ಬಂಡೆಯನ್ನು ಹೆಚ್ಚು ಸೀಳುವುದು ಈ ನಿಧಾನದ ಬೆಳವಣಿಗೆ. ಇದಕ್ಕೆ ಚಳಿಯಷ್ಟೇ ಸಾಲದು, ನೀರೂ ಬೇಕು. ಆದ್ದರಿಂದ ಹಿಮ ಬಹುಕಾಲ ನಿಲ್ಲುವ, ಕರಗಿದ ನೀರು ಬಿರುಕಿಗೆ ಇಳಿಯುವ ಎತ್ತರದ ಭಾಗಗಳಲ್ಲಿ ಚೂಪು ಅಂಚಿನ ದೊಡ್ಡ ಕಲ್ಲುಗಳು ಹೇರಳವಾಗಿ ಸಿಗುತ್ತವೆ. ಕೆಳಭಾಗದ ಒಣ ಇಳಿಜಾರುಗಳಲ್ಲಿ ಚಳಿಯಿದ್ದರೂ ಈ ಕ್ರಿಯೆ ದುರ್ಬಲ.

ಆ ಕೆಳಭಾಗದಲ್ಲಿ ಬಂಡೆಯನ್ನು ಮರಳಾಗಿಸುವ ಕೆಲಸವನ್ನು ಮುಖ್ಯವಾಗಿ ಕಾಗೆಬಂಗಾರ ಮಾಡುತ್ತದೆ. ಗ್ರಾನೈಟಿನೊಳಗಿನ ಕಪ್ಪು ಹಾಳೆಗಳಿಗೆ ಅಲ್ಪಸ್ವಲ್ಪ ತೇವ ಮತ್ತು ಗಾಳಿ ತಗುಲಿದಾಗ ಅವುಗಳಲ್ಲಿನ ಕಬ್ಬಿಣ ತುಕ್ಕು ಹಿಡಿಯತೊಡಗಿ ಹಾಳೆಗಳು ಊದಿಕೊಳ್ಳುತ್ತವೆ. ಊದಿದ ಹಾಳೆ ಅಕ್ಕಪಕ್ಕದ ಬೆಣಚು ಮತ್ತು ಫೆಲ್ಡ್‌ಸ್ಪಾರ್ ಕಣಗಳನ್ನು ಸಡಿಲಿಸುತ್ತದೆ. ಹೆಬ್ಬಂಡೆಯ ಮೈಯನ್ನು ಬೆರಳಿನಿಂದ ಉಜ್ಜಿ ನೋಡಿದರೆ ಗೋದಿಕಾಳಿನ ಗಾತ್ರದ ಕಣಗಳು ಉದುರುತ್ತವೆ. ಮಸೂರದಡಿ ನೋಡಿದಾಗ ಅವುಗಳ ನಡುವೆ ಕಂಚಿನ ಬಣ್ಣಕ್ಕೆ ತಿರುಗಿದ, ಅಂಚು ಬಿಚ್ಚಿಕೊಂಡ ಕಾಗೆಬಂಗಾರದ ತುಣುಕುಗಳು ಇರುತ್ತವೆ, ಆದರೆ ಪಕ್ಕದ ಫೆಲ್ಡ್‌ಸ್ಪಾರ್ ಇನ್ನೂ ಹೊಳೆಯುತ್ತಿರುತ್ತದೆ. ಹಳೇ ಮೈಸೂರು ಭಾಗದಲ್ಲಿ ಬಾವಿ ತೋಡುವಾಗ ಗಟ್ಟಿ ಬಂಡೆಗೆ ಮೊದಲು ಸಿಗುವ ಗೊರಚು ಇದೇ ಬಗೆಯದು. ನಮ್ಮಲ್ಲಿ ಅದು ಕೆಂಪುಮಣ್ಣಿನ ಅಡಿಯಲ್ಲಿದ್ದರೆ ಇಲ್ಲಿ ನೇರವಾಗಿ ಬಿಸಿಲಿಗೆ ತೆರೆದುಕೊಂಡಿರುತ್ತದೆ.

ಇಳಿಜಾರನ್ನು ದೂರದಿಂದ ನೋಡುವುದು

ಈಗ ನೂರಿನ್ನೂರು ಮೀಟರ್ ಹಿಂದೆ ಸರಿದು ಇಡೀ ಇಳಿಜಾರನ್ನು ನೋಡಿ ಕೋನ ಅಳೆಯಿರಿ. ಬಂಡೆಯಿಂದ ಕಳಚಿ ಬಿದ್ದ ಕಲ್ಲುಗಳಿಂದಲೇ ಆದ ರಾಶಿ ಸಾಮಾನ್ಯವಾಗಿ 32ರಿಂದ 38 ಡಿಗ್ರಿಯ ಆಸುಪಾಸಿನಲ್ಲಿ, ನೇರವಾದ ಗೆರೆ ಎಳೆದಂತೆ ನಿಂತಿರುತ್ತದೆ. ಅದಕ್ಕಿಂತ ಕಡಿದಾದರೆ ಕಲ್ಲು ಜಾರುತ್ತದೆ. ಇಂಥ ರಾಶಿಯಲ್ಲಿ ದೊಡ್ಡ ಕಲ್ಲುಗಳು ಬುಡದಲ್ಲಿಯೂ ಸಣ್ಣವು ತುದಿಯಲ್ಲಿಯೂ ಇರುತ್ತವೆ. ಭಾರವಾದ ಕಲ್ಲು ಉರುಳುವಾಗ ಹೆಚ್ಚು ರಭಸ ಪಡೆದು, ಸಣ್ಣ ಕಲ್ಲುಗಳ ಸಂದಿಯಲ್ಲಿ ಸಿಲುಕದೆ ದೂರ ಹೋಗುವುದೇ ಇದಕ್ಕೆ ಕಾರಣ.

ನೀರು ಹೊತ್ತು ತಂದು ಹರಡಿದ ಬೀಸಣಿಗೆಯಾಕಾರದ ದಿಬ್ಬಗಳಲ್ಲಿ ಈ ಕ್ರಮ ತಿರುವುಮುರುವಾಗುತ್ತದೆ. ಕೊರಕಲಿನ ಬಾಯಿಯ ಹತ್ತಿರ ದೊಡ್ಡ ಕಲ್ಲುಗಳು ನಿಂತು, ಕೆಳಕ್ಕೆ ಹೋದಂತೆ ನೊರಜುಗಲ್ಲು, ಮರಳು, ಕೊನೆಗೆ ಗೋಡು (ಮರಳಿಗಿಂತ ನುಣುಪಾದ, ಜೇಡಿಗಿಂತ ದಪ್ಪ ಕಣಗಳ ಮಣ್ಣು) ಬರುತ್ತವೆ; ಇಳಿಜಾರು ಬಹುಪಾಲು ಹತ್ತು ಡಿಗ್ರಿಗಿಂತ ಕಡಿಮೆ. ಲೇಹ್ ಪಟ್ಟಣವೇ ಇಂಥದೊಂದು ದಿಬ್ಬದ ಮೇಲೆ ಬೆಳೆದಿದೆ. ಒಣನಾಡಿನಲ್ಲಿ ಇಷ್ಟು ನೀರು ಎಲ್ಲಿಂದ ಬಂತು ಎಂದು ಕೇಳುವವರು 2010ರ ಆಗಸ್ಟ್ 5ರ ರಾತ್ರಿಯನ್ನು ನೆನಪಿಸಿಕೊಳ್ಳಬೇಕು. ಅಂದು ಲೇಹ್ ಸುತ್ತಮುತ್ತ ಸುರಿದ ಮೇಘಸ್ಫೋಟದ ಮಳೆಗೆ ಇಳಿಜಾರಿನ ಸಡಿಲ ಮರಳು-ಕಲ್ಲುಗಳು ಕೆಸರಿನ ಪ್ರವಾಹವಾಗಿ ಕೆಳಗಿಳಿದು ಇನ್ನೂರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಬೇರು ಮತ್ತು ಜೇಡಿ ಎರಡೂ ಇಲ್ಲದ ಮಣ್ಣನ್ನು ಅಪರೂಪದ ಒಂದು ಮಳೆ ಎಷ್ಟು ದೂರ ಒಯ್ಯಬಲ್ಲದು ಎಂಬುದಕ್ಕೆ ಆ ರಾತ್ರಿಯ ಕಲ್ಲುಗುಡ್ಡೆಗಳು ಸಾಕ್ಷಿ. ಗುಡಾರ ಹಾಕುವವರು ಕೊರಕಲಿನ ಬಾಯಿಯನ್ನು ಏಕೆ ತಪ್ಪಿಸಬೇಕು ಎಂಬುದೂ ಇದರಿಂದಲೇ ತಿಳಿಯುತ್ತದೆ.

ಮೂರನೆಯದು ಹಿಮನದಿ ಬಿಟ್ಟುಹೋದ ದಿಬ್ಬ. ಇದರಲ್ಲಿ ಯಾವ ವಿಂಗಡಣೆಯೂ ಇರುವುದಿಲ್ಲ. ಮನೆಗಾತ್ರದ ಬಂಡೆಯಿಂದ ಹಿಟ್ಟಿನಷ್ಟು ನುಣುಪಾದ ಪುಡಿಯವರೆಗೆ ಎಲ್ಲವೂ ಬೆರೆತಿರುತ್ತವೆ, ಕೆಲವು ಕಲ್ಲುಗಳ ಮೇಲೆ ಒಂದೇ ದಿಕ್ಕಿಗೆ ಉಜ್ಜಿದ ಗೀರುಗಳಿರುತ್ತವೆ. ಇನ್ನು ಗಾಳಿ ತಂದ ಮರಳು ಬಣ್ಣದಲ್ಲಿ, ಗಾತ್ರದಲ್ಲಿ ಒಂದೇ ಸಮನಾಗಿರುತ್ತದೆ. ಸಿಂಧೂ ಕಣಿವೆಯಲ್ಲಿ ನದಿದಂಡೆಯಿಂದ ಎದ್ದ ಮರಳು ಬೆಟ್ಟದ ಮೈಗೆ ಒರಗಿಕೊಂಡಂತೆ ಮೇಲಕ್ಕೇರಿರುವುದನ್ನು ಕಾಣಬಹುದು. ನುಬ್ರಾ ಕಣಿವೆಯ ಹುಂಡರ್‌ನ ಮರಳುದಿಬ್ಬಗಳೂ ಗಾಳಿಯ ಕೆಲಸವೇ.

ಕಲ್ಲುಗಳ ಬಣ್ಣವನ್ನೂ ಗಮನಿಸಿ. ಬಹುಕಾಲ ಅಲುಗದೆ ಬಿದ್ದಿರುವ ಕಲ್ಲಿನ ಮೈಮೇಲೆ ಕಬ್ಬಿಣ ಮತ್ತು ಮ್ಯಾಂಗನೀಸಿನ ಕಪ್ಪುಕಂದು ಲೇಪ ಕಟ್ಟಿಕೊಳ್ಳುತ್ತದೆ. ಲೇಪ ದಟ್ಟವಾಗಿದ್ದರೆ ಆ ಮೇಲ್ಮೈ ಹಳೆಯದು. ಕಲ್ಲುಗಳು ತಿಳಿಬಣ್ಣದಲ್ಲಿ ಹೊಳೆಯುತ್ತಿದ್ದರೆ ಅವು ಈಚೆಗೆ ಬಿದ್ದವು. ಸಿಂಧೂ ನದಿಯ ದಂಡೆಗಳಲ್ಲಿ ಪ್ರಾಚೀನರು ಇಂಥ ಕಪ್ಪು ಬಂಡೆಗಳ ಮೇಲೆಯೇ ಕಾಡುಮೇಕೆಗಳ ಚಿತ್ರಗಳನ್ನು ಕೊರೆದಿದ್ದಾರೆ. ಅಂಥ ಜಾಗಗಳಲ್ಲಿ ಕರಣೆಯನ್ನು ಹೊರತೆಗೆಯದಿರುವುದೇ ಸರಿ.

ಗುಂಡಿ ತೋಡಿ ನೋಡುವುದು

ರಾಶಿಯ ಬುಡದಲ್ಲಿ, 15 ಡಿಗ್ರಿಗಿಂತ ಕಡಿಮೆ ಇಳಿಜಾರಿರುವ, ಮೇಲಿನಿಂದ ಕಲ್ಲು ಬೀಳುವ ಭಯವಿಲ್ಲದ ಜಾಗ ಆರಿಸಿಕೊಂಡು ಒಂದು ಅಡಿ ಅಗಲ, ಒಂದು ಅಡಿ ಆಳದ ಗುಂಡಿ ತೋಡಿ. ಮೇಲಿನ ಕಲ್ಲುಗಳನ್ನು ಒಂದು ಪಕ್ಕಕ್ಕೂ ಒಳಗಿನ ಮಣ್ಣನ್ನು ಇನ್ನೊಂದು ಪಕ್ಕಕ್ಕೂ ಹಾಕಬೇಕು, ಏಕೆಂದರೆ ಮುಚ್ಚುವಾಗ ಅದೇ ಕ್ರಮದಲ್ಲಿ ಹಾಕಬೇಕಾಗುತ್ತದೆ.

ಬಹಳ ಕಡೆ ಮೇಲ್ಮೈ ಬರೀ ಕಲ್ಲಿನಂತೆ ಕಂಡರೂ, ನಾಲ್ಕೈದು ಬೆರಳು ಕೆಳಗೆ ಮರಳು, ಅದರೊಂದಿಗೆ ಸ್ವಲ್ಪ ಗೋಡು ಸಿಗುತ್ತದೆ. ಸಣ್ಣ ಕಣಗಳು ಕಲ್ಲುಗಳ ಸಂದಿಯಲ್ಲಿ ಕೆಳಗಿಳಿಯುತ್ತವೆ. ಮೇಲುಳಿದ ನುಣುಪು ಕಣಗಳನ್ನು ಗಾಳಿ ಹೊತ್ತೊಯ್ಯುತ್ತದೆ. ನೆಲ ಹೆಪ್ಪುಗಟ್ಟಿ ಕರಗುವಾಗಲೆಲ್ಲ ದಪ್ಪ ಕಲ್ಲುಗಳು ಸ್ವಲ್ಪಸ್ವಲ್ಪವಾಗಿ ಮೇಲಕ್ಕೆ ಬರುತ್ತವೆ. ಈ ಮೂರೂ ಸೇರಿ ಮಣ್ಣಿನ ಮೇಲೆ ಕಲ್ಲಿನ ಹೊದಿಕೆ ನಿರ್ಮಿಸುತ್ತವೆ. ಆ ಹೊದಿಕೆ ಕೆಳಗಿನ ತೇವವನ್ನು ಕಾಪಾಡುತ್ತದೆ. ಕಲ್ಲೆತ್ತಿದ ಕೂಡಲೆ ಕೆಳಗಿನ ಮರಳಿನ ಬಣ್ಣ ಗಾಢವಾಗಿದ್ದರೆ, ಮುಟ್ಟಿದಾಗ ತಣ್ಣಗಿದ್ದರೆ, ಅದನ್ನು ಬರೆದುಕೊಳ್ಳಿ.

ತೆಗೆದ ಮಣ್ಣನ್ನು ಜರಡಿಯಲ್ಲಿ ಹಾಕಿ. 2 ಮಿ.ಮೀ.ಗಿಂತ ದಪ್ಪನೆಯದು ಜಲ್ಲಿ ಮತ್ತು ಕಲ್ಲು. ಕೆಳಗೆ ಬಿದ್ದದ್ದು ಮಾತ್ರ ಮಣ್ಣುವಿಜ್ಞಾನದ ಲೆಕ್ಕದಲ್ಲಿ ನುಣುಪು ಮಣ್ಣು. ಎರಡನ್ನೂ ಒಂದೇ ಲೋಟದಿಂದ ಅಳೆಯಿರಿ. ಕಲ್ಲಿನ ಪಾಲು ಒಟ್ಟು ಗಾತ್ರದ ಮೂರನೇ ಒಂದು ಭಾಗವನ್ನು ಮೀರಿದರೆ ಅದನ್ನು ಕಲ್ಲುಮಯ ಮಣ್ಣು ಎಂದೇ ದಾಖಲಿಸಬೇಕು. ಇದನ್ನು ಬಿಟ್ಟು ನುಣುಪು ಮಣ್ಣಿನ ಪರೀಕ್ಷೆಯ ಫಲಿತಾಂಶವನ್ನಷ್ಟೇ ಕೊಟ್ಟರೆ, ಆ ನೆಲ ಹಿಡಿದಿಡುವ ನೀರು ಮತ್ತು ಪೋಷಕಾಂಶಗಳ ಬಗ್ಗೆ ಹಿಗ್ಗಿಸಿದ ಚಿತ್ರ ಸಿಗುತ್ತದೆ.

ಜರಡಿ ಹಿಡಿದ ಮಣ್ಣಿನ ಒಂದು ಚಿಟಿಕೆಯನ್ನು ಅಂಗೈಯಲ್ಲಿ ಹರಡಿ ಮಸೂರದಿಂದ ನೋಡಿ. ಕಣಗಳ ಅಂಚು ಚೂಪಾಗಿದ್ದು ಬೆಣಚು, ಫೆಲ್ಡ್‌ಸ್ಪಾರ್, ಕಾಗೆಬಂಗಾರ ಮೂರೂ ಇದ್ದರೆ ಅದು ಮೇಲಿನ ಬಂಡೆಯಿಂದಲೇ, ಹೆಚ್ಚು ದೂರ ಸಾಗದೆ ಬಂದ ಮರಳು. ಅಂಚುಗಳು ಸವೆದು ಕಣಗಳು ಒಂದೇ ಗಾತ್ರದಲ್ಲಿದ್ದರೆ, ಗಾಳಿಗೆ ಬೇಗ ಹಾರುವ ಕಾಗೆಬಂಗಾರ ಕಾಣೆಯಾಗಿದ್ದರೆ, ಅದು ಗಾಳಿಯ ಮರಳು. ಫೆಲ್ಡ್‌ಸ್ಪಾರ್ ಕಣವನ್ನು ಉಗುರಿನಿಂದ ಒತ್ತಿದಾಗ ಸುಣ್ಣದಂತೆ ಪುಡಿಯಾದರೆ ಅಲ್ಲಿ ರಾಸಾಯನಿಕ ಶಿಥಿಲೀಕರಣ ನಡೆದಿದೆ ಎಂದರ್ಥ. ಈ ಇಳಿಜಾರುಗಳಲ್ಲಿ ಅದು ಅಪರೂಪ, ಕಂಡುಬಂದರೆ ಆ ಜಾಗದಲ್ಲಿ ನೀರು ಒಸರುತ್ತಿತ್ತೇ ಎಂದು ಹುಡುಕಬೇಕು.

ಇನ್ನು ಕಲ್ಲುಗಳ ತಳಭಾಗ. ಗುಂಡಿಯ ಒಳಗಿನ ಕಲ್ಲೊಂದನ್ನು ತಿರುಗಿಸಿದರೆ ಅಡಿಯಲ್ಲಿ ಬಿಳಿಯ ಪೊರೆ ಕಾಣಿಸಬಹುದು. ಅದನ್ನು ಸ್ವಲ್ಪ ಕೆರೆದು ಪುಡಿ ಮಾಡಿ ವಿನೆಗರ್ ಹನಿಸಿ. ಸಣ್ಣ ಗುಳ್ಳೆಗಳೆದ್ದರೆ ಅದು ಸುಣ್ಣದ ಪೊರೆ. ಕರಗಿದ ಹಿಮದ ನೀರು ಧೂಳಿನಲ್ಲಿದ್ದ ಸುಣ್ಣದಂಶವನ್ನು ಕರಗಿಸಿಕೊಂಡು ಕೆಳಗಿಳಿದು, ಕಲ್ಲಿನ ತಳದಲ್ಲಿ ತಂಗಿ ಆರಿದಾಗ ಈ ಪೊರೆ ಬಿಟ್ಟುಹೋಗುತ್ತದೆ. ಮಳೆನಾಡಿನಲ್ಲಾಗಿದ್ದರೆ ಈ ಸುಣ್ಣ ತೊಳೆದುಹೋಗಿ ಮಣ್ಣು ಹುಳಿಯಾಗುತ್ತಿತ್ತು. ಇಲ್ಲಿ ಅದು ಉಳಿದು ಮಣ್ಣು ಕ್ಷಾರೀಯವಾಗಿದೆ. ಪೊರೆ ದಪ್ಪವಾದಷ್ಟೂ ಆ ಕಲ್ಲು ಹೊರಳದೆ ಬಿದ್ದಿರುವ ಕಾಲ ಹೆಚ್ಚು. ಪೊರೆ ಕಲ್ಲಿನ ಮೇಲ್ಭಾಗದಲ್ಲಿ ಅಥವಾ ಪಕ್ಕದಲ್ಲಿದ್ದರೆ ಇಳಿಜಾರು ಆಮೇಲೆ ಜಾರಿದೆ, ಕಲ್ಲು ಹೊರಳಿದೆ ಎಂದು ತೀರ್ಮಾನಿಸಬಹುದು. ಇಷ್ಟು ಸುಲಭವಾಗಿ ಇಷ್ಟೊಂದು ಹೇಳುವ ಪರೀಕ್ಷೆ ಇನ್ನೊಂದಿಲ್ಲ. ಆದರೆ ಝಂಸ್ಕಾರ್ ಕಡೆಯ ಸುಣ್ಣಕಲ್ಲಿನ ಇಳಿಜಾರಿನಲ್ಲಿ ಕಲ್ಲೇ ಗುಳ್ಳೆ ಏಳಿಸುವುದರಿಂದ ಅಲ್ಲಿ ವಿನೆಗರ್ ಏನನ್ನೂ ಸಾಬೀತುಪಡಿಸುವುದಿಲ್ಲ.

ಬಾಟಲಿಯ ಪರೀಕ್ಷೆ

ಜರಡಿ ಹಿಡಿದ ಮಣ್ಣನ್ನು ಬಾಟಲಿಯ ಮೂರನೇ ಒಂದು ಭಾಗದಷ್ಟು ತುಂಬಿ, ನೀರು ಹಾಕಿ, ಪಾತ್ರೆ ತೊಳೆಯುವ ದ್ರವದ ನಾಲ್ಕು ಹನಿ ಬೆರೆಸಿ ಐದು ನಿಮಿಷ ಚೆನ್ನಾಗಿ ಕುಲುಕಿ. ನಿಲ್ಲಿಸಿದ ಒಂದು ನಿಮಿಷದಲ್ಲಿ ತಳಕ್ಕಿಳಿದದ್ದು ಮರಳು. ಎರಡು ಗಂಟೆಯ ಹೊತ್ತಿಗೆ ಅದರ ಮೇಲೆ ಸೇರಿದ್ದು ಗೋಡು. ಒಂದೆರಡು ದಿನ ನೀರನ್ನು ಕದಡಿಟ್ಟು ಆಮೇಲೆ ಇಳಿಯುವುದು ಜೇಡಿ. ಪ್ರತಿ ಹಂತದಲ್ಲಿಯೂ ಬಾಟಲಿಯ ಮೇಲೆ ಗೆರೆ ಹಾಕಿ. ರಾತ್ರಿ ಬಾಟಲಿಯನ್ನು ಗುಡಾರದ ಹೊರಗಿಟ್ಟರೆ ನೀರು ಹೆಪ್ಪುಗಟ್ಟಿ ಪದರಗಳು ಕೆಡುತ್ತವೆ, ಆದ್ದರಿಂದ ಒಳಗೇ ಇಟ್ಟುಕೊಳ್ಳಬೇಕು. ಗ್ರಾನೈಟ್ ಇಳಿಜಾರಿನ ಮಾದರಿಯಲ್ಲಿ ಬಾಟಲಿಯ ಬಹುಭಾಗ ಮೊದಲ ನಿಮಿಷದಲ್ಲಿಯೇ ತುಂಬಿ, ಜೇಡಿಯ ಪದರ ತೆಳುವಾದ ಗೆರೆಯಾಗಿ ಉಳಿಯುವುದು ಸಾಮಾನ್ಯ.

ಊರಿಗೆ ಮರಳಿದ ಮೇಲೆ ರಾಮನಗರ ಅಥವಾ ಕೋಲಾರದ ಕಡೆಯ ಕೆಂಪುಮಣ್ಣಿನಿಂದ ಇದೇ ಪರೀಕ್ಷೆ ಮಾಡಿ ನೋಡುವುದು ಉಪಯುಕ್ತ. ರಾಮನಗರದ ಬಂಡೆಯೂ ಗ್ರಾನೈಟೇ. ವಯಸ್ಸು ಸುಮಾರು 250 ಕೋಟಿ ವರ್ಷ. ಖನಿಜಗಳೂ ಬಹುಮಟ್ಟಿಗೆ ಅವೇ. ಆದರೆ ಅಲ್ಲಿ ವರ್ಷವಿಡೀ ಇರುವ ಶಾಖ ಮತ್ತು ಮಳೆಯ ನೀರು ಫೆಲ್ಡ್‌ಸ್ಪಾರನ್ನು ಜೇಡಿಯಾಗಿಸಿ, ಕಾಗೆಬಂಗಾರದ ಕಬ್ಬಿಣವನ್ನು ಕೆಂಪುಬಣ್ಣವಾಗಿ ಬಿಟ್ಟಿರುವುದರಿಂದ ನೀರು ಬಹಳ ಹೊತ್ತು ಕೆಂಪಗೆ ಕದಡಿರುತ್ತದೆ. ಬಂಡೆಯ ವಯಸ್ಸು ಬೇರೆ, ಮಣ್ಣಿನ ವಯಸ್ಸು ಬೇರೆ ಎಂಬುದನ್ನು ನೋಟ್‌ಬುಕ್ಕಿನ ‘ಕಾಲ’ದ ಸಾಲಿನಲ್ಲಿ ಬರೆಯುವಾಗ ಮರೆಯಬಾರದು. ಇಳಿಜಾರು ಜಾರುತ್ತಲೇ ಇದ್ದರೆ, ಹಳೆಯ ಬಂಡೆಯ ಮೇಲಿನ ಮಣ್ಣೂ ಎಳೆಯದಾಗಿಯೇ ಉಳಿಯುತ್ತದೆ.

ಗಿಡಗಳು ಮತ್ತು ಹೊಲಗಳು

ಜೀವಿಗಳ ಸಾಲಿನಲ್ಲಿ ಬರೆಯಲು ಹೆಚ್ಚಿರುವುದಿಲ್ಲ, ಆದರೆ ಇರುವುದು ಮುಖ್ಯ. ಕೆಳಗಿನ ಒಣ ಇಳಿಜಾರುಗಳಲ್ಲಿ ಕ್ಯಾರಗಾನಾ ಎಂಬ ಮುಳ್ಳುಪೊದೆ ಬೆಳೆಯುತ್ತದೆ. ದ್ವಿದಳ ಜಾತಿಯದಾದ್ದರಿಂದ ಅದರ ಬೇರು ಸಾರಜನಕವನ್ನು ಮಣ್ಣಿಗೆ ಸೇರಿಸುತ್ತದೆ. ಪೊದೆಯ ಬುಡದಲ್ಲಿ ಗಾಳಿಮರೆಯಲ್ಲಿ ಕೂಡಿಕೊಂಡ ನುಣುಪು ಮಣ್ಣನ್ನು, ಎರಡು ಮಾರು ಆಚೆಯ ಬಯಲಿನ ಮಣ್ಣಿನೊಂದಿಗೆ ಹೋಲಿಸಿ. ಇನ್ನೂ ಎತ್ತರದಲ್ಲಿ ದಿಂಬಿನಂತೆ ಗಟ್ಟಿಯಾಗಿ ನೆಲಕ್ಕಂಟಿ ಬೆಳೆಯುವ ಗಿಡಗಳು ಸಿಗುತ್ತವೆ. ಅವು ಧೂಳನ್ನೂ ತಮ್ಮದೇ ಸತ್ತ ಎಲೆಗಳನ್ನೂ ಒಳಗೆ ಹಿಡಿದಿಟ್ಟುಕೊಂಡು, ಸುತ್ತಲಿನ ಬೂದು ಮರಳಿನ ನಡುವೆ ಅಂಗೈಯಗಲದ ಕಪ್ಪುಮಣ್ಣನ್ನು ತಯಾರಿಸುತ್ತವೆ. ಇವು ಅತಿ ನಿಧಾನವಾಗಿ ಬೆಳೆಯುವುದರಿಂದ ಕೀಳಬಾರದು, ಅಂಚಿನ ಮಣ್ಣನ್ನು ಬೆರಳಿನಿಂದ ಮುಟ್ಟಿ ನೋಡಿದರೆ ಸಾಕು. ಉತ್ತರಕ್ಕೆ ಮುಖಮಾಡಿದ ಇಳಿಜಾರಿನಲ್ಲಿ ಹಿಮ ಹೆಚ್ಚು ದಿನ ಉಳಿಯುವುದರಿಂದ ಗಿಡಗಳೂ ಕರಿಮಣ್ಣೂ ಅಲ್ಲಿ ತುಸು ಹೆಚ್ಚು. ದಿಕ್ಸೂಚಿಯಿಂದ ದಿಕ್ಕು ನೋಡಿ ಬರೆದುಕೊಳ್ಳಿ.

ಕೊನೆಯ ಮಾದರಿಯನ್ನು ಕಣಿವೆಯ ಹಳ್ಳಿಯೊಂದರ ಹೊಲದಿಂದ, ಹೊಲದವರನ್ನು ಕೇಳಿ ತೆಗೆದುಕೊಳ್ಳಿ. ಈ ಹೊಲಗಳ ಮಣ್ಣು ಹತ್ತಿರದ ಇಳಿಜಾರಿನ ಮರಳಿನ ಮೇಲೆಯೇ ಕಟ್ಟಿದ್ದು. ಕಲ್ಲುಗಳನ್ನು ಆರಿಸಿ ಒಡ್ಡು ಕಟ್ಟಿ, ಯುರಾ ಎಂದು ಕರೆಯುವ ಕಾಲುವೆಗಳಿಂದ ಹಿಮನದಿಯ ಕರಗುನೀರನ್ನು ಹಾಯಿಸಿದಾಗ ಆ ನೀರಿನಲ್ಲಿರುವ ಗೋಡು ವರ್ಷವರ್ಷವೂ ಹೊಲದಲ್ಲಿ ತಂಗುತ್ತದೆ. ಮನೆಯ ಒಣಶೌಚಾಲಯದ ಗೊಬ್ಬರ ಮತ್ತು ಕೊಟ್ಟಿಗೆಯ ಗೊಬ್ಬರ ಅದಕ್ಕೆ ಸೇರುತ್ತವೆ. ನೀರಿನ ಸರದಿಯನ್ನು ನೋಡಿಕೊಳ್ಳಲು ಹಳ್ಳಿಯವರು ನೇಮಿಸುವ ಚುರ್ಪೊನ್ ಸಿಕ್ಕರೆ, ಯಾವ ಕಾಲುವೆಯ ನೀರು ಹೆಚ್ಚು ಗೋಡು ತರುತ್ತದೆ ಎಂದು ಅವರನ್ನೇ ಕೇಳಬಹುದು. ಹೊಲದ ಮಣ್ಣಿನ ಬಾಟಲಿಯನ್ನು ಇಳಿಜಾರಿನ ಮಣ್ಣಿನ ಬಾಟಲಿಯ ಪಕ್ಕದಲ್ಲಿಟ್ಟು ಎರಡು ಗಂಟೆಯ ಗೆರೆಗಳನ್ನು ಹೋಲಿಸಿದರೆ, ನಡುವಿನ ಪದರದ ದಪ್ಪದಲ್ಲಿ ಕಾಣುವ ಅಂತರವೇ ಆ ಕಾಲುವೆ ಮತ್ತು ಗೊಬ್ಬರ ಇಷ್ಟು ವರ್ಷಗಳಲ್ಲಿ ಸೇರಿಸಿದ ಪಾಲು.